ಹಿಂದಿನ ಆಕ್ಸಲ್ ಕೇಳಿದ ಲೆಕ್ಕ

ಪಿಕಪ್ ವಾಹನದ ಸರಕಿನ ತೊಟ್ಟಿಯ ಮೇಲೆ ಮಲಗಲು, ಅಡುಗೆ ಮಾಡಲು, ಮಳೆ ಬಂದಾಗ ಬಾಗಿಲು ಹಾಕಿಕೊಂಡು ಕೂರಲು ಆಗುವಂಥ ಪುಟ್ಟ ಕೋಣೆಯೊಂದನ್ನು, ಅಂದರೆ ಕ್ಯಾಂಪರ್ ಒಂದನ್ನು, ಕಟ್ಟಿಕೊಳ್ಳಬೇಕೆಂದು ನಾನೂ ನನ್ನ ಪತ್ನಿಯೂ ತೀರ್ಮಾನಿಸಿದ ಮೇಲೆ, ನಕ್ಷೆ ಬರೆಯುವುದಕ್ಕೂ ಮೊದಲು ತೂಕದ ಲೆಕ್ಕಕ್ಕೆ ಕುಳಿತೆವು. ಇಂಥ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವಾಹನ ಒಟ್ಟು ಎಷ್ಟು ಭಾರ ಹೊರುತ್ತದೆ? ಆ ಪ್ರಶ್ನೆ ಬೇಕಾದದ್ದೇ. ಆದರೆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡಿದ ನನಗೆ ಈಗ ಯಾವ ಅನುಮಾನವೂ ಉಳಿದಿಲ್ಲ. ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಆಸನಗಳಿರುವ, ಪಿಕಪ್ಪಿನ ಮೇಲೆ ಕ್ಯಾಂಪರ್ ಕೂರಿಸುವಾಗ ಒಟ್ಟು ತೂಕದ ಮಿತಿಗಿಂತ ಮೊದಲೇ ಕೈ ಅಡ್ಡ ಹಿಡಿಯುವುದು ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು. ನಮ್ಮ ಎಲ್ಲ ತೀರ್ಮಾನಗಳೂ, ಪ್ಲೈವುಡ್ಡಿನ ದಪ್ಪದಿಂದ ಹಿಡಿದು ನೀರಿನ ಟ್ಯಾಂಕಿನ ಜಾಗದವರೆಗೆ, ಆ ಒಂದು ಮಿತಿಯನ್ನು ಕಣ್ಣಮುಂದಿಟ್ಟುಕೊಂಡೇ ಆದವು.

ತಯಾರಕರು ನಿಗದಿಪಡಿಸಿದ ಗರಿಷ್ಠ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂ, ನಮ್ಮ ವಾಹನಕ್ಕೆ 3,100 ಕೆ.ಜಿ. ಇದೆ. ವಾಹನ, ಇಂಧನ, ಜನ, ಸಾಮಾನು ಎಲ್ಲವೂ ಸೇರಿ ಈ ಅಂಕಿಯೊಳಗೇ ಇರಬೇಕು. ಮುಂದಿನ ಆಕ್ಸಲ್ಲಿಗೆ 1,450 ಕೆ.ಜಿ., ಹಿಂದಿನದಕ್ಕೆ 1,850 ಕೆ.ಜಿ. ಎಂದು ಪ್ರತ್ಯೇಕ ಮಿತಿಗಳೂ ಇವೆ. ಎರಡನ್ನೂ ಕೂಡಿದರೆ 3,300 ಆಗುತ್ತದೆ. ಇದು ಒಟ್ಟು ಮಿತಿಗಿಂತ ಹೆಚ್ಚು ಎಂಬುದನ್ನು ಕಂಡು ಕೆಲವರು ಗೊಂದಲಕ್ಕೊಳಗಾಗುತ್ತಾರೆ. ಭಾರವು ಹಿಂದಕ್ಕೋ ಮುಂದಕ್ಕೋ ಸ್ವಲ್ಪ ವಾಲಿದರೂ ತಡೆದುಕೊಳ್ಳಲಿ ಎಂದು ಬಿಟ್ಟಿರುವ ಅವಕಾಶ ಅದು. ಮೂರೂ ಮಿತಿಗಳು ಏಕಕಾಲಕ್ಕೆ ಪಾಲನೆಯಾಗಬೇಕು, ಒಂದರಲ್ಲಿ ಉಳಿಸಿದ್ದನ್ನು ಇನ್ನೊಂದರಲ್ಲಿ ಖರ್ಚು ಮಾಡುವಂತಿಲ್ಲ.

ಕೈಪಿಡಿಯಲ್ಲಿ ಕೊಟ್ಟಿದ್ದ ಖಾಲಿ ತೂಕವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಖಾಲಿ ತೂಕ ಎಂಬುದರ ವ್ಯಾಖ್ಯೆ ಎಲ್ಲೆಡೆ ಒಂದೇ ಆಗಿಲ್ಲ. ಕೆಲವು ಕಡೆ ಚಾಲಕನೆಂದು 75 ಕೆ.ಜಿ. ಸೇರಿಸುತ್ತಾರೆ, ಕೆಲವು ಕಡೆ ಸೇರಿಸುವುದಿಲ್ಲ, ಇಂಧನದ ಪ್ರಮಾಣದಲ್ಲೂ ವ್ಯತ್ಯಾಸವಿರುತ್ತದೆ. ಅದಲ್ಲದೆ ನಮ್ಮ ವಾಹನಕ್ಕೆ ಉಕ್ಕಿನ ಬಂಪರ್, ಎಳೆಯುವ ಕೊಂಡಿ, ತೊಟ್ಟಿಯ ಒಳಹೊದಿಕೆ ಎಲ್ಲವೂ ನಂತರ ಸೇರಿದ್ದವು. ಆದ್ದರಿಂದ ಡೀಸೆಲ್ ಟ್ಯಾಂಕ್ ತುಂಬಿಸಿಕೊಂಡು ವೇಬ್ರಿಡ್ಜ್‌ಗೆ, ಅಂದರೆ ಇಡೀ ವಾಹನವನ್ನು ನಿಲ್ಲಿಸಿ ತೂಗುವ ಕಡೆಗೆ, ಹೋಗಿ ಮೂರು ರೀತಿ ತೂಗಿಸಿದೆ: ಮೊದಲು ಇಡೀ ವಾಹನ, ನಂತರ ಮುಂದಿನ ಚಕ್ರಗಳು ಮಾತ್ರ ವೇದಿಕೆಯ ಮೇಲೆ, ಕೊನೆಗೆ ಹಿಂದಿನ ಚಕ್ರಗಳು ಮಾತ್ರ. ಚಾಲಕನಿಲ್ಲದೆ ಒಟ್ಟು 2,080, ಮುಂದೆ 1,200, ಹಿಂದೆ 880 ಕೆ.ಜಿ. ಬಂತು.

ಆಕ್ಸಲ್ ತೂಕವನ್ನು ಪ್ರತ್ಯೇಕವಾಗಿ ತೂಗುವಾಗ ಕೆಲವು ಎಚ್ಚರಿಕೆಗಳು ಬೇಕು. ವೇದಿಕೆಯ ಹೊರಗಿನ ನೆಲವೂ ವೇದಿಕೆಯ ಮಟ್ಟದಲ್ಲೇ ಇರಬೇಕು; ಇಳಿಜಾರಿದ್ದರೆ ಭಾರ ಒಂದು ಕಡೆ ಜಾರಿ ತಪ್ಪು ಅಂಕಿ ಬರುತ್ತದೆ. ವಾಹನ ಸಮತಟ್ಟಾದ ಜಾಗದಲ್ಲಿ ನಿಂತು ಉರುಳುವುದಿಲ್ಲವೆಂದು ಖಚಿತವಾದ ಮೇಲೆ ಗೇರನ್ನು ನ್ಯೂಟ್ರಲ್‌ಗೆ ತಂದು ಬ್ರೇಕ್ ಬಿಡಬೇಕು, ಇಲ್ಲವಾದರೆ ಬಿಗಿ ಹಿಡಿದ ಬ್ರೇಕಿನಿಂದ ಸ್ಪ್ರಿಂಗುಗಳು ಸಹಜ ಸ್ಥಿತಿಗೆ ಬರುವುದಿಲ್ಲ. ನಾನು ಬಳಸಿದ ವೇಬ್ರಿಡ್ಜ್ 20 ಕೆ.ಜಿ. ಅಂತರದಲ್ಲಿ ಅಂಕಿ ತೋರಿಸುವಂಥದ್ದು. ಲಾರಿಗಳಿಗೆ ಅದು ಸಾಕು, ಕ್ಯಾಂಪರಿಗೆ ಸಾಲದು. ಹಾಗಾಗಿ ವೇಬ್ರಿಡ್ಜ್ ಅಂಕಿಯನ್ನು ಒಟ್ಟಾರೆ ಪರಿಶೀಲನೆಗೂ, ಮನೆಯಲ್ಲಿ ಮೈತೂಕ ನೋಡುವ ಯಂತ್ರವನ್ನು ಬಿಡಿ ವಸ್ತುಗಳಿಗೂ ಬಳಸಿದೆ. ಉದ್ದನೆಯ ಹಲಗೆಯ ಒಂದು ತುದಿಯನ್ನು ಯಂತ್ರದ ಮೇಲೂ ಇನ್ನೊಂದನ್ನು ಅಷ್ಟೇ ಎತ್ತರದ ಆಸರೆಯ ಮೇಲೂ ಇಟ್ಟು ಓದಿಕೊಂಡು, ನಂತರ ಅದಲುಬದಲು ಮಾಡಿ ಎರಡು ಅಂಕಿಗಳನ್ನು ಕೂಡಿದರೆ ಹಲಗೆಯ ಪೂರ್ಣ ತೂಕ ಸಿಗುತ್ತದೆ. ಆ ಎರಡು ಅಂಕಿಗಳ ವ್ಯತ್ಯಾಸದಿಂದ ಅದರ ಗುರುತ್ವ ಕೇಂದ್ರ ಯಾವ ತುದಿಗೆ ಹತ್ತಿರವಿದೆ ಎಂಬುದೂ ತಿಳಿಯುತ್ತದೆ. ಗೋಡೆ, ಬಾಗಿಲು, ಕಪಾಟು ಎಲ್ಲವನ್ನೂ ಜೋಡಿಸುವ ಮುನ್ನ ಹೀಗೆಯೇ ತೂಗಿ ಬರೆದುಕೊಂಡೆ.

ಈಗ ಹಿಂದಿನ ಆಕ್ಸಲ್ಲಿನ ವಿಷಯಕ್ಕೆ ಬರುತ್ತೇನೆ. ನಾವಿಬ್ಬರೂ ಸೇರಿ 140 ಕೆ.ಜಿ. ಮುಂದಿನ ಆಸನಗಳು ಎರಡು ಆಕ್ಸಲ್‌ಗಳ ನಡುವೆ ಹೆಚ್ಚುಕಡಿಮೆ ಮಧ್ಯದಲ್ಲಿರುವುದರಿಂದ ಈ ಭಾರ ಎರಡಕ್ಕೂ ಅರ್ಧರ್ಧ ಹಂಚಿಹೋಗುತ್ತದೆ. ಆಗ ಮುಂದೆ 1,270, ಹಿಂದೆ 950, ಒಟ್ಟು 2,220. ಜಿವಿಡಬ್ಲ್ಯೂ ಪ್ರಕಾರ ಇನ್ನೂ 880 ಕೆ.ಜಿ. ಹೇರಬಹುದು. ಈ 880 ಕೆ.ಜಿ.ಯ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್ಲಿನ ನೇರ ಮೇಲೆಯೇ ಇದ್ದರೆ ಅಲ್ಲಿನ ಭಾರ 1,830 ಆಗುತ್ತದೆ. ಮಿತಿಗೆ 20 ಕೆ.ಜಿ. ಮಾತ್ರ ಕಡಿಮೆ. ಅದೇ ಕೇಂದ್ರ 20 ಸೆಂ.ಮೀ. ಹಿಂದಕ್ಕೆ ಸರಿದರೆ ಹಿಂದಿನ ಆಕ್ಸಲ್ 1,885 ಕೆ.ಜಿ. ಹೊರಬೇಕಾಗುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದೆ, ಕಾಗದದಲ್ಲಿ ಎಲ್ಲವೂ ಸರಿಯಾಗಿದೆ, ಆದರೆ ಆಕ್ಸಲ್ 35 ಕೆ.ಜಿ. ಮಿತಿಮೀರಿದೆ.

ಇದು ಏಕೆ ಹೀಗೆ ಎಂದರೆ, ಹಿಂದಿನ ಆಕ್ಸಲ್ಲಿನ ಆಚೆಗೆ ಇಟ್ಟ ಭಾರ ಅದನ್ನು ಒತ್ತುವುದಷ್ಟೇ ಅಲ್ಲದೆ, ಏತದ ಮರದ ಒಂದು ತುದಿ ಇಳಿದಾಗ ಇನ್ನೊಂದು ಏಳುವಂತೆ, ಮುಂದಿನ ಆಕ್ಸಲ್ಲಿನಿಂದಲೂ ಭಾರವನ್ನು ಕಿತ್ತು ಹಿಂದಕ್ಕೆ ತರುತ್ತದೆ. ನಮ್ಮ ವಾಹನದ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ಅಂತರ, 3.2 ಮೀಟರ್. ಹಿಂದಿನ ಆಕ್ಸಲ್ಲಿನಿಂದ 1 ಮೀಟರ್ ಹಿಂದೆ 100 ಕೆ.ಜಿ. ಇಟ್ಟರೆ ಅದರ ಮೇಲೆ 131 ಕೆ.ಜಿ. ಬೀಳುತ್ತದೆ, ಮುಂದೆ 31 ಕೆ.ಜಿ. ಕಡಿಮೆಯಾಗುತ್ತದೆ. ಸೂತ್ರ ಸರಳ: ವಸ್ತುವಿನ ತೂಕವನ್ನು ಹಿಂದಿನ ಆಕ್ಸಲ್ಲಿನಿಂದ ಅದಕ್ಕಿರುವ ದೂರದಿಂದ ಗುಣಿಸಿ ವೀಲ್‌ಬೇಸಿನಿಂದ ಭಾಗಿಸಿದರೆ, ಮುಂದಕ್ಕೋ ಹಿಂದಕ್ಕೋ ವರ್ಗವಾಗುವ ಭಾರ ದೊರೆಯುತ್ತದೆ. ಮುಂದಿನ ಚಕ್ರಗಳು ಹಗುರವಾದರೆ ಸ್ಟೀರಿಂಗ್ ಹಿಡಿತ ತಗ್ಗುತ್ತದೆ, ಬ್ರೇಕ್ ಹಾಕಿದಾಗ ಹೆಚ್ಚಿನ ಕೆಲಸ ಮಾಡಬೇಕಾದ ಮುಂದಿನ ಟೈರುಗಳಿಗೆ ನೆಲದ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಹೆಡ್‌ಲೈಟ್‌ಗಳು ಎದುರಿನವರ ಕಣ್ಣಿಗೆ ಹೊಡೆಯುತ್ತವೆ. ಡಬಲ್ ಕ್ಯಾಬ್ ವಾಹನದಲ್ಲಿ ತೊಟ್ಟಿಯ ದೊಡ್ಡ ಪಾಲು ಹಿಂದಿನ ಆಕ್ಸಲ್ಲಿನ ಆಚೆಗೇ ಚಾಚಿಕೊಂಡಿರುವುದರಿಂದ ಈ ತೊಂದರೆ ಅದರ ಹುಟ್ಟುಗುಣ.

ಈ ಲೆಕ್ಕದ ಮೇಲೆ ನಾವು 880ರ ಆಸೆಯನ್ನು ಕೈಬಿಟ್ಟು, ಕ್ಯಾಂಪರ್ ಮತ್ತು ಅದರೊಳಗಿನ ಸಮಸ್ತವೂ 750 ಕೆ.ಜಿ. ಮೀರಬಾರದೆಂದು ಗೆರೆ ಎಳೆದೆವು. ಹೊರಗವಚ, ಬಾಗಿಲು, ಕಿಟಕಿಗಳಿಗೆ 300. ಮಂಚ ಮತ್ತು ಕಪಾಟುಗಳಿಗೆ 85. ಬ್ಯಾಟರಿ, ಸೌರಫಲಕ, ಫ್ರಿಜ್ ಇತ್ಯಾದಿಗೆ 75. ನೀರು ಮತ್ತು ಟ್ಯಾಂಕುಗಳಿಗೆ 90. ಗ್ಯಾಸ್ ಮತ್ತು ಒಲೆಗೆ 20. ಬಟ್ಟೆ, ಹಾಸಿಗೆ, ಆಹಾರ, ಸಲಕರಣೆಗಳಿಗೆ 130. ಉಳಿದ 50 ಕೆ.ಜಿ.ಯನ್ನು ಯಾರ ಹೆಸರಿಗೂ ಬರೆಯಲಿಲ್ಲ. ಸ್ಕ್ರೂ, ಅಂಟು, ಸೀಲಂಟ್, ಬಣ್ಣ, ತಾಮ್ರದ ಕೇಬಲ್ಲುಗಳು ಪಟ್ಟಿಯಲ್ಲಿ ಕಾಣಿಸಿಕೊಳ್ಳದೆಯೇ ತೂಕ ಸೇರಿಸುತ್ತವೆ. 35 ಚದರ ಮಿ.ಮೀ. ಕೇಬಲ್ಲಿನ ಒಂದು ಮೀಟರ್ ಎಂದರೆ ಸುಮಾರು 400 ಗ್ರಾಂ. ಸಿದ್ಧ ಕ್ಯಾಂಪರ್ ಕೊಳ್ಳುವವರಿಗೂ ಇಂಥ ಮೀಸಲು ಅಗತ್ಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅವುಗಳ ವಿವರಪಟ್ಟಿಯಲ್ಲಿ ನಮೂದಿಸುವ ಡ್ರೈ ವೇಟ್‌ನಲ್ಲಿ ನೀರು, ಗ್ಯಾಸ್, ಮತ್ತು ಎಷ್ಟೋ ವೇಳೆ ಬ್ಯಾಟರಿ ಹಾಗೂ ಹೆಚ್ಚುವರಿ ಸೌಲಭ್ಯಗಳು ಸೇರಿರುವುದೇ ಇಲ್ಲ.

ಮರಗೆಲಸದಲ್ಲಿ ಉಳಿತಾಯ ಅತಿ ಹೆಚ್ಚಾಯಿತು. 2,440 × 1,220 ಮಿ.ಮೀ. ಅಳತೆಯ 18 ಮಿ.ಮೀ. ಬರ್ಚ್ ಪ್ಲೈವುಡ್ ಹಾಳೆ ಒಂದು ಸುಮಾರು 36 ಕೆ.ಜಿ. ತೂಗುತ್ತದೆ, ಅದೇ ಅಳತೆಯ 9 ಮಿ.ಮೀ. ಪಾಪ್ಲರ್ ಪ್ಲೈವುಡ್ 12 ಕೆ.ಜಿ. ಆಸುಪಾಸು. ನಮಗೆ ನೆರವಾದ ಬಡಗಿ ಅನುಭವಸ್ಥರು; ಮನೆಯ ಪೀಠೋಪಕರಣಗಳಂತೆ 18 ಮಿ.ಮೀ. ಬಳಸದಿದ್ದರೆ ಕಪಾಟು ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ಮೂಲೆಗಳಿಗೆ ಅಲ್ಯೂಮಿನಿಯಂ ಕೋನಪಟ್ಟಿ ಕೊಟ್ಟು, ಅಂಟು ಮತ್ತು ರಿವೆಟ್‌ಗಳಿಂದ ಜೋಡಿಸಿದ 9 ಮಿ.ಮೀ. ಪೆಟ್ಟಿಗೆಯ ಮೇಲೆ ಅವರೇ ಹತ್ತಿ ನಿಂತ ಮೇಲೆ ಒಪ್ಪಿದರು. ಪೆಟ್ಟಿಗೆಗೆ ಬಲ ಬರುವುದು ಹಲಗೆಯ ದಪ್ಪಕ್ಕಿಂತ ಹೆಚ್ಚಾಗಿ ಮೂಲೆಗಳ ಬಿಗಿಯಿಂದ ಮತ್ತು ಗೋಡೆಗೆ ಅದನ್ನು ಕಟ್ಟಿದ ರೀತಿಯಿಂದ. ಪಾಪ್ಲರ್ ಮೆದು ಮರವಾದ್ದರಿಂದ ಸ್ಕ್ರೂ ಹಿಡಿತ ಕಡಿಮೆ. ತೇವವೂ ಬೇಗ ಹೀರುತ್ತದೆ. ಆದ್ದರಿಂದ ಕೀಲು ಬರುವ ಕಡೆ ಗಟ್ಟಿಮರದ ತುಂಡುಗಳನ್ನು ಅಂಟಿಸಿ, ಎಲ್ಲ ಅಂಚುಗಳಿಗೂ ವಾರ್ನಿಶ್ ಬಳಿದೆವು.

ಹಲಗೆಯಲ್ಲಿ ರಂಧ್ರಗಳನ್ನು ಕೊರೆದು ತೂಕ ಇಳಿಸುವ ಪದ್ಧತಿ ನೋಡಲು ಚೆನ್ನ, ಆದರೆ ತೆಳು ಹಲಗೆಯಲ್ಲಿ ಅದರಿಂದ ದಕ್ಕುವುದು ಅತ್ಯಲ್ಪ. ಕಪಾಟಿನ ಬಾಗಿಲನ್ನೇ ತೆಗೆದುಹಾಕಿ ಬಲೆಯ ಪರದೆ ಹಾಕಿದರೆ ಹಲಗೆ, ಕೀಲು, ಚಿಲಕ ಮೂರರ ತೂಕವೂ ಒಟ್ಟಿಗೆ ಉಳಿತಾಯವಾಗುತ್ತದೆ. ಡ್ರಾಯರ್‌ಗಳನ್ನು ಅಡುಗೆಯ ಪಾತ್ರೆಗಳಿಗೆ ಮಾತ್ರ ಸೀಮಿತಗೊಳಿಸಿದೆವು. ಪೂರ್ತಿ ಹೊರಬರುವ ಭಾರೀ ಚಾನೆಲ್‌ಗಳ ಜೋಡಿಯೇ ಕೆಲವು ಕೆ.ಜಿ. ತೂಗುತ್ತದೆ, ಅದರಲ್ಲಿಡುವ ವಸ್ತುಗಳಿಗಿಂತ ಅದೇ ಭಾರವಾದ ಸಂದರ್ಭಗಳೂ ಇವೆ. ಗೋಡೆಗಳಿಗೆ ಬಳಸಿದ ಎಕ್ಸ್‌ಪಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಫೋಮ್ ಘನ ಮೀಟರಿಗೆ 30–35 ಕೆ.ಜಿ. ಮಾತ್ರ ಇರುವುದರಿಂದ ಉಷ್ಣನಿರೋಧಕದಲ್ಲಿ ಜಿಪುಣತನ ತೋರುವ ಅಗತ್ಯ ಬರಲಿಲ್ಲ. ಅದನ್ನು ಎರಡು ತೆಳು ಹಾಳೆಗಳ ನಡುವೆ ಅಂಟಿಸಿದಾಗ ಅದೇ ಗೋಡೆಯ ಬಲವೂ ಆಗುತ್ತದೆ, ಒಳಗೆ ಚೌಕಟ್ಟಿನ ಕೊಳವೆಗಳು ಕಡಿಮೆ ಸಾಕಾಗುತ್ತವೆ.

ಬ್ಯಾಟರಿಯ ಆಯ್ಕೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. 100 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲದ ಬ್ಯಾಟರಿ 28–30 ಕೆ.ಜಿ. ತೂಗುತ್ತದೆ, ಬಾಳಿಕೆ ಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದೇ ಸಾಮರ್ಥ್ಯಕ್ಕೆ 12 ಕೆ.ಜಿ. ಆಸುಪಾಸು ಇದ್ದು, ಹೆಚ್ಚಿನ ಪಾಲನ್ನು ಬಳಸಬಹುದು. ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದೆಂಬ ಕಾರಣಕ್ಕೆ ಕೋಣೆಯ ಒಳಗೇ, ಮುಂದಿನ ಗೋಡೆಗೆ ಆನಿಸಿ ನೆಲದ ಮಟ್ಟದಲ್ಲಿ ಕೂರಿಸಿದೆವು. ಚಾವಣಿಗೆ ಬಗ್ಗುವ ಸೌರಫಲಕ ಹಗುರವಾದರೂ ಬೇಗ ಬಿಸಿಯೇರಿ ಬೇಗ ಸವೆಯುತ್ತದೆ. ಅಲ್ಲಿ ಮಾತ್ರ ತೂಕಕ್ಕಿಂತ ಬಾಳಿಕೆಗೆ ಮಣಿದು ಗಾಜಿನ ಫಲಕವನ್ನೇ ಆರಿಸಿದೆವು.

ನೀರಿನ ವಿಷಯದಲ್ಲಿ ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡೆ, ಮತ್ತು ಅದು ಸಾರ್ಥಕವಾಯಿತೆಂದೇ ನಂಬಿದ್ದೇನೆ. ನೀರು ಕ್ಯಾಂಪರಿನಲ್ಲಿರುವ ಅತಿ ಭಾರದ ವಸ್ತುಗಳಲ್ಲೊಂದು, ಜೊತೆಗೆ ಪ್ರಯಾಣದ ನಡುವೆ ಕರಗುತ್ತಾ, ಜಾಗ ಬದಲಿಸುತ್ತಾ ಹೋಗುವ ವಸ್ತು. ನಮ್ಮ 70 ಲೀಟರಿನ ಟ್ಯಾಂಕನ್ನು ತೊಟ್ಟಿಯ ಮುಂಭಾಗದಲ್ಲಿ, ಹಿಂದಿನ ಆಕ್ಸಲ್ಲಿಗಿಂತ ಅರ್ಧ ಮೀಟರ್ ಮುಂದೆ, ನೆಲಕ್ಕೆ ತಾಗಿದಂತೆ ಅಡ್ಡಲಾಗಿ ಇಟ್ಟೆವು. ತುಂಬಿದಾಗ ಅದು ಇಡೀ ಕ್ಯಾಂಪರಿನ ಗುರುತ್ವ ಕೇಂದ್ರವನ್ನು ಆಕ್ಸಲ್ಲಿಗಿಂತ 5 ಸೆಂ.ಮೀ. ಮುಂದಕ್ಕೆ ಎಳೆದು ನಿಲ್ಲಿಸುತ್ತದೆ. ಖಾಲಿಯಾದಾಗ ಕೇಂದ್ರವು ಆಕ್ಸಲ್ಲಿನ ಮೇಲಕ್ಕೇ ಬಂದು ನಿಲ್ಲುತ್ತದೆ. ಅಷ್ಟರಲ್ಲಿ 70 ಕೆ.ಜಿ. ಇಳಿದೂ ಇರುವುದರಿಂದ ತೊಂದರೆಯಿಲ್ಲ.

ಆದರೆ ಬಳಸಿದ ನೀರೆಲ್ಲವೂ ವಾಹನದಿಂದ ಹೊರಗೆ ಹೋಗುವುದಿಲ್ಲ, ತೊಳೆದ ನೀರಿನ ಟ್ಯಾಂಕಿಗೆ ಸೇರುತ್ತದೆ. ಸಿಂಕಿನ ಕೆಳಗೆ, ಹಿಂದಿನ ಬಾಗಿಲ ಬಳಿ, ಆಕ್ಸಲ್ಲಿನಿಂದ 80 ಸೆಂ.ಮೀ. ಹಿಂದೆ ಆ ಟ್ಯಾಂಕನ್ನಿಡುವುದು ಕೊಳವೆಯ ದೃಷ್ಟಿಯಿಂದ ಸುಲಭವಿತ್ತು. ಲೆಕ್ಕ ಹಾಕಿ ನೋಡಿದಾಗ, ಮುಂದಿನ 70 ಲೀಟರ್ ಮುಗಿದು ಅದರಲ್ಲಿ 40 ಲೀಟರ್ ಹಿಂದೆ ಸೇರಿಕೊಂಡ ಹೊತ್ತಿಗೆ ಕೇಂದ್ರವು ಆಕ್ಸಲ್ಲನ್ನು ದಾಟಿ 4–5 ಸೆಂ.ಮೀ. ಹಿಂದಕ್ಕೆ ಹೋಗುತ್ತಿತ್ತು, ಅಂದರೆ ಪ್ರವಾಸದ ಆರಂಭ ಮತ್ತು ಅಂತ್ಯಗಳ ನಡುವೆ ಸುಮಾರು 10 ಸೆಂ.ಮೀ. ಓಲಾಟ. ಆದ್ದರಿಂದ ಕೊಳವೆಯನ್ನು ಇಳಿಜಾರು ಕೊಟ್ಟು ಮುಂದಕ್ಕೆ ತಂದು, ತೊಳೆದ ನೀರಿನ ಟ್ಯಾಂಕನ್ನು ಚಕ್ರದ ಕಮಾನಿನ ಪಕ್ಕದಲ್ಲಿ ಆಕ್ಸಲ್ಲಿನ ನೇರಕ್ಕೇ ಕೂರಿಸಿದೆವು. ಶುದ್ಧ ನೀರಿನ ಟ್ಯಾಂಕಿನೊಳಗೆ ಅಡ್ಡ ತಡೆಗಳಿರುವಂಥದ್ದನ್ನೇ ಹುಡುಕಿ ತಂದೆವು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ತಿರುವಿಗೊಮ್ಮೆ ಒಂದು ಬದಿಗೆ ನುಗ್ಗುವುದನ್ನು ಈ ತಡೆಗಳು ಬಹಳ ಮಟ್ಟಿಗೆ ತಗ್ಗಿಸುತ್ತವೆ.

ಸ್ಟೆಪ್ನಿಯ ಬಗ್ಗೆ ಒಂದು ಮಾತು. ಹಿಂದಿನ ಬಾಗಿಲಿಗೆ ಸ್ಟೆಪ್ನಿ ತೂಗುಹಾಕಿದ ಕ್ಯಾಂಪರುಗಳು ನೋಡಲು ಗಂಭೀರವಾಗಿ ಕಾಣುತ್ತವೆ. ಆದರೆ 30 ಕೆ.ಜಿ. ಚಕ್ರವನ್ನು ಆಕ್ಸಲ್ಲಿನಿಂದ 1.6 ಮೀಟರ್ ಹಿಂದೆ ನೇತುಹಾಕಿದರೆ ಹಿಂದಿನ ಆಕ್ಸಲ್ಲಿಗೆ 45 ಕೆ.ಜಿ. ಆಗುತ್ತದೆ, ಅದನ್ನು ಹಿಡಿದಿಡುವ ಉಕ್ಕಿನ ತೋಳಿನ ತೂಕ ಬೇರೆ. ನಮ್ಮದು ತೊಟ್ಟಿಯ ಅಡಿಯಲ್ಲಿ ತಯಾರಕರು ಇಟ್ಟ ಜಾಗದಲ್ಲೇ ಇದೆ.

ತೂಕ ಹೆಚ್ಚಿದಾಗ ಹಿಂಭಾಗ ಕುಸಿಯುವುದನ್ನು ಕಂಡು ಏರ್‌ಬ್ಯಾಗ್ ಸ್ಪ್ರಿಂಗ್, ಅಂದರೆ ಗಾಳಿ ತುಂಬಿದ ರಬ್ಬರ್ ಚೀಲದ ಸ್ಪ್ರಿಂಗ್, ಹಾಕಿಸುವವರು ಬಹಳ ಮಂದಿ. ಅದರಿಂದ ವಾಹನ ನೆಟ್ಟಗೆ ನಿಲ್ಲುತ್ತದೆ ನಿಜ; ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಟೈರು ಯಾವುದರ ಸಾಮರ್ಥ್ಯವೂ ಒಂದು ಕೆ.ಜಿ.ಯಷ್ಟೂ ಹೆಚ್ಚುವುದಿಲ್ಲ. ಉಕ್ಕಿನ ಪಟ್ಟಿಗಳಿಂದಾದ ಲೀಫ್ ಸ್ಪ್ರಿಂಗ್ ತನ್ನ ಭಾರವನ್ನು ಹಿಂದು ಮುಂದಿನ ಎರಡು ಕೊಂಡಿಗಳ ಮೂಲಕ ಷಾಸಿಗೆ, ಅಂದರೆ ವಾಹನದ ಅಡಿಯ ಚೌಕಟ್ಟಿಗೆ, ಹಂಚುತ್ತದೆ, ಏರ್‌ಬ್ಯಾಗ್ ಆಕ್ಸಲ್ಲಿನ ಮೇಲಿನ ಒಂದೇ ಜಾಗದಲ್ಲಿ ಷಾಸಿಯನ್ನು ಮೇಲಕ್ಕೆ ತಳ್ಳುತ್ತದೆ. ಹಿಂದೆ ಉದ್ದಕ್ಕೆ ಚಾಚಿದ ಭಾರ ಒಂದು ಕಡೆ ಕೆಳಗೆಳೆಯುತ್ತಿರುವಾಗ ಹೀಗಾದರೆ, ಕೆಟ್ಟ ರಸ್ತೆಯಲ್ಲಿ ಕ್ಯಾಬಿನ್ನಿನ ಹಿಂಭಾಗದಲ್ಲಿ ಷಾಸಿ ಬಾಗುವ ಅಪಾಯವಿದೆ. ಡಬಲ್ ಕ್ಯಾಬ್ ಪಿಕಪ್ಪುಗಳಲ್ಲಿ ಹಾಗೆ ಆಗಿರುವುದೂ ಉಂಟು. ನಾವು ಸದಾ ಇರುವ ಭಾರಕ್ಕೆ ಹೊಂದುವ ಲೀಫ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರುಗಳನ್ನು ಹಾಕಿಸಿದೆವು, ಮಿತಿಯ ಅಂಕಿಗಳನ್ನು ಮಾತ್ರ ಹಳೆಯವೇ ಎಂದು ಪರಿಗಣಿಸಿದೆವು.

ಕ್ಯಾಂಪರ್ ಏರಿಸಿ, ನೀರು, ಡೀಸೆಲ್, ಗ್ಯಾಸ್ ತುಂಬಿಸಿ, ಪ್ರವಾಸಕ್ಕೆ ಬೇಕಾದ ಸಕಲ ಸಾಮಾನುಗಳೊಂದಿಗೆ ಇಬ್ಬರೂ ಒಳಗೆ ಕುಳಿತು ಅದೇ ವೇಬ್ರಿಡ್ಜ್‌ಗೆ ಹೋದೆವು. ಒಟ್ಟು 2,940, ಮುಂದೆ 1,280, ಹಿಂದೆ 1,660. ನಾವು ಹೇರಿದ್ದು 720 ಕೆ.ಜಿ. ಎಂದಾಯಿತು, ಮೀಸಲಿಟ್ಟ ಐವತ್ತರಲ್ಲಿ ಇಪ್ಪತ್ತು ಖರ್ಚಾಗಿತ್ತು, ಅದರ ಹೆಚ್ಚಿನ ಪಾಲು ಹೊರಗವಚಕ್ಕೆ ಹೋಗಿತ್ತು. ನನಗೆ ಅತ್ಯಂತ ಸಮಾಧಾನ ತಂದದ್ದು ಮುಂದಿನ ಆಕ್ಸಲ್ಲಿನ ಅಂಕಿ: ಕ್ಯಾಂಪರ್ ಕೂತ ಮೇಲೂ ಅದು ಕಡಿಮೆಯಾಗದೆ, ಸ್ವಲ್ಪ ಏರಿಯೇ ಇತ್ತು.

ನಂತರ ಎಡ ಬಲಗಳನ್ನೂ ನೋಡಿದೆವು. ಒಂದು ಬದಿಯ ಚಕ್ರಗಳನ್ನು ಮಾತ್ರ ವೇದಿಕೆಯ ಮೇಲೆ ನಿಲ್ಲಿಸಿ ತೂಗಿದಾಗ ಎಡಕ್ಕೆ 1,500, ಬಲಕ್ಕೆ 1,440 ಬಂತು. ಎಡಗಡೆಯ ಚಾವಣಿಯಂಚಿನಲ್ಲಿ ನೆರಳಿನ ಮಡಚುಚಾವಣಿಯೂ, ಅದರ ಕೆಳಗೇ ಅಡುಗೆಕಟ್ಟೆಯೂ ಇದ್ದುದರಿಂದ ಇದು ನಿರೀಕ್ಷಿತವೇ ಆಗಿತ್ತು. 25 ಕೆ.ಜಿ. ತೂಕದ ಸಲಕರಣೆ ಪೆಟ್ಟಿಗೆಯನ್ನು ಎಡದಿಂದ ಬಲಕ್ಕೆ ಸರಿಸಿದ ಮೇಲೆ 1,480 ಮತ್ತು 1,460 ಆಯಿತು. ಈ ಪರೀಕ್ಷೆಯನ್ನು ಹೆಚ್ಚಿನವರು ಮಾಡಿಸುವುದಿಲ್ಲ, ಮಾಡಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಟೈರಿನ ಲೋಡ್ ಇಂಡೆಕ್ಸ್ 112, ಅಂದರೆ ಒಂದು ಟೈರಿಗೆ 1,120 ಕೆ.ಜಿ. ಹಿಂದಿನ ಆಕ್ಸಲ್ ತನ್ನ ಪೂರ್ಣ 1,850 ಹೊತ್ತಿದ್ದು ಅದು ಎಡಬಲಗಳಿಗೆ ಶೇ. 60 ಮತ್ತು 40 ಎಂದು ಹಂಚಿಹೋದರೆ, ಭಾರದ ಬದಿಯ ಟೈರಿನ ಮೇಲೆ 1,110 ಬೀಳುತ್ತದೆ. ಆಕ್ಸಲ್ ಮಿತಿಯೊಳಗಿದ್ದೂ ಟೈರು ತನ್ನ ಅಂಚಿಗೆ ಬಂದಿರುತ್ತದೆ. ಗಾಳಿಯ ಒತ್ತಡವನ್ನೂ ತೂಗಿ ಬಂದ ಅಂಕಿಗಳಿಗೆ ತಕ್ಕಂತೆ, ಟೈರು ತಯಾರಕರು ಪ್ರಕಟಿಸುವ ಭಾರ-ಒತ್ತಡದ ಕೋಷ್ಟಕ ನೋಡಿ ಇಟ್ಟುಕೊಂಡೆವು.

ರಸ್ತೆಯಲ್ಲಿ ವ್ಯತ್ಯಾಸ ತಿಳಿಯುವುದು ಮುಖ್ಯವಾಗಿ ಬ್ರೇಕ್ ಹಾಕುವಾಗ. ಖಾಲಿ ವಾಹನಕ್ಕಿಂತ ತೂಕ ಶೇ. 41ರಷ್ಟು ಹೆಚ್ಚಿರುವುದರಿಂದ ಅದೇ ವೇಗದಲ್ಲಿ ಬ್ರೇಕುಗಳು ಅಷ್ಟೇ ಪಾಲು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು. ಉದ್ದದ ಇಳಿಜಾರಿನಲ್ಲಿ ಕೆಳ ಗೇರಿನಲ್ಲೇ ಇಳಿಯುತ್ತೇನೆ, ಮುಂದಿನ ವಾಹನದಿಂದ ಅಂತರ ಹೆಚ್ಚಿಸಿಕೊಂಡಿದ್ದೇನೆ. ಹಳ್ಳ ದಿಣ್ಣೆಗಳಲ್ಲಿ ಚಕ್ರಗಳ ಮೇಲೆ ಕ್ಷಣಮಾತ್ರ ಬೀಳುವ ಬಲ ನಿಂತಾಗಿನ ತೂಕಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಅದಕ್ಕಾಗಿಯೇ ಹಿಂದಿನ ಆಕ್ಸಲ್ಲಿನಲ್ಲಿ ಉಳಿದಿರುವ 190 ಕೆ.ಜಿ. ಅವಕಾಶವನ್ನು ತುಂಬಿಸುವ ಯೋಚನೆ ನಮಗಿಲ್ಲ.

ಒಟ್ಟು ತೂಕದಲ್ಲಿ ಉಳಿದಿರುವುದು 160 ಕೆ.ಜಿ. ಅದರಲ್ಲಿ 70ನ್ನು ಹಿಂದಿನ ಆಸನದಲ್ಲಿ ಕೂರಬಹುದಾದ ಮೂರನೆಯವರಿಗಾಗಿ ತೆಗೆದಿಟ್ಟಿದ್ದೇವೆ. ಅವರ ಚೀಲಕ್ಕೆ ಜಾಗ ಅವರ ಪಕ್ಕದ ಆಸನದಲ್ಲಿ, ಆಕ್ಸಲ್ಲಿಗಿಂತ ಮುಂದೆಯೇ. ಕ್ಯಾಂಪರಿಗೆ ಹೊಸದಾಗಿ ಏನನ್ನು ಸೇರಿಸಬೇಕಾದರೂ ಮೊದಲು ಅದನ್ನು ತೂಗಿ, ಆಕ್ಸಲ್ಲಿನಿಂದ ಎಷ್ಟು ದೂರದಲ್ಲಿ ಇಡುತ್ತೇವೆಂದು ಅಳೆದು, ಎರಡು ಅಂಕಿಗಳನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದ ನಂತರವೇ ಒಳಗಿಡುತ್ತೇವೆ.